ಎಂಜಲು ಪಿಷ್ಟವನ್ನು ಒಡೆಯುವುದನ್ನು ತೋರಿಸುವ ಪ್ರಯೋಗ: ನನ್ನ ಅನುಭವ

ಹತ್ತನೇ ತರಗತಿಯ ಮಕ್ಕಳಿಗೆ ಈ ಪ್ರಯೋಗ ಮಾಡಿಸುವಾಗ ನಾನು ಮೊದಲು ನೋಡುವುದು ಗಂಜಿಯ ಹದ. ಅನ್ನ ಬಸಿದ ಗಂಜಿ ಒಂದು ದಿನ ತೆಳು, ಇನ್ನೊಂದು ದಿನ ಗಟ್ಟಿ. ಗಟ್ಟಿಯಾದರೆ 40 ನಿಮಿಷದ ಪೀರಿಯಡ್ಡಿನಲ್ಲಿ ಕೆಲಸ ಮುಗಿಯುವುದಿಲ್ಲ. ಹಾಗಾಗಿ 1 ಗ್ರಾಂ ಕಾರ್ನ್‌ಫ್ಲೋರ್ ಅನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನೀರಿಗೆ ಸುರಿದು, ಒಟ್ಟು 100 ಮಿ.ಲೀ. ಮಾಡಿಕೊಳ್ಳುತ್ತೇನೆ. ಇದು ಪೂರ್ತಿ ಆರಲೇಬೇಕು. ಪಿಷ್ಟ ಇದೆ ಎಂದು ತೋರಿಸುವುದು ಅಯೋಡಿನ್ ಹಾಕಿದಾಗ ಬರುವ ನೀಲಿ ಬಣ್ಣ; ಪಿಷ್ಟ ಬಿಸಿಯಿದ್ದರೆ ಅದು ನಿಲ್ಲುವುದಿಲ್ಲ.

ಅಯೋಡಿನ್‌ಗೆ ಮೆಡಿಕಲ್ ಶಾಪಿನ ಪೊವಿಡೋನ್ ಅಯೋಡಿನ್ ಸಾಕು. ಒಂದು ಪಾಲಿಗೆ ಹತ್ತು ಪಾಲು ನೀರು.

ಎಂಜಲಿಗೆ, ಬಾಯಿ ಮುಕ್ಕಳಿಸಿದ ಮೇಲೆ 10 ಮಿ.ಲೀ. ಉಗುರುಬೆಚ್ಚಗಿನ ನೀರನ್ನು ಒಂದು ನಿಮಿಷ ಬಾಯಲ್ಲಿಟ್ಟುಕೊಂಡು ಲೋಟಕ್ಕೆ ಉಗಿಯಬೇಕು. ನೀರು ಬೆರೆಸದ ಎಂಜಲು ಬೇಡ. ಮೊದಲ ಹನಿ ತೆಗೆಯುವಷ್ಟರಲ್ಲಿ ಪಿಷ್ಟ ಮುಗಿದು ನೋಡಲು ಏನೂ ಉಳಿಯದೇ ಹೋಗಬಹುದು. ಅವರವರ ಎಂಜಲನ್ನು ಅವರೇ ಬಳಸಿ, ಪ್ರನಾಳವನ್ನೂ ಅವರೇ ತೊಳೆಯಬೇಕು.

ಮೂರು ಪ್ರನಾಳಗಳಿಗೂ ತಲಾ 2 ಮಿ.ಲೀ. ಎಂಜಲು ನೀರು. ಒಂದನೆಯದು ಹಾಗೇ. ಎರಡನೆಯದನ್ನು ಐದು ನಿಮಿಷ ಕುದಿಸಿ ಆರಿಸಬೇಕು. ಮೂರನೆಯದಕ್ಕೆ 1 ಮಿ.ಲೀ. ಬಿಳಿ ವಿನೆಗರ್, ಉಳಿದೆರಡಕ್ಕೆ ಅಷ್ಟೇ ನೀರು. ಎಲ್ಲಕ್ಕೂ 5 ಮಿ.ಲೀ. ಪಿಷ್ಟ ಸೇರಿಸಿ 37 ಡಿಗ್ರಿ ನೀರಿನಲ್ಲಿ ನಿಲ್ಲಿಸಿ, ನಿಮಿಷಕ್ಕೊಂದು ಹನಿ ತೆಗೆದು ಬಿಳಿ ಟೈಲ್ಸ್ ತುಂಡಿನ ಮೇಲಿನ ಅಯೋಡಿನ್ ಹನಿಗೆ ಬಿಡಬೇಕು. ಅಯೋಡಿನ್ ಅನ್ನು ಪ್ರನಾಳಕ್ಕೇ ಹಾಕಬೇಡಿ, ಪಿಷ್ಟ ಒಡೆಯುವ ಎಂಜಲಿನ ಕಿಣ್ವದ (ಅಮೈಲೇಸ್) ಕೆಲಸ ಕೆಡುತ್ತದೆ.

ಒಂದನೇ ಪ್ರನಾಳದ ಹನಿಗಳನ್ನು ಸಾಲಾಗಿ ನೋಡಿ: ಕಡುನೀಲಿ, ನೇರಳೆ, ಕೆಂಗಂದು, ಕೊನೆಗೆ ಬರೀ ಅಯೋಡಿನ್ನಿನ ಹಳದಿ. ಆ ಕೆಂಗಂದಿನ ಹನಿ ಬಂದಾಗ ನಾನು ಎಲ್ಲರನ್ನೂ ಹತ್ತಿರ ಕರೆಯುತ್ತೇನೆ. ಅದು ಡೆಕ್ಸ್‌ಟ್ರಿನ್, ಅರ್ಧ ತುಂಡಾದ ಪಿಷ್ಟ. ಉದ್ದದ ಸರಪಳಿ ಸ್ವಲ್ಪ ಸ್ವಲ್ಪವೇ ಕತ್ತರಿಸಿಕೊಂಡು ಮಾಲ್ಟೋಸ್ ಎಂಬ ಸಕ್ಕರೆ ಆಗುತ್ತದೆ ಎನ್ನುವುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಹಿಡಿಯುವ ಸಮಯ ಮಗುವಿನಿಂದ ಮಗುವಿಗೆ ಬೇರೆ, ಏಕೆಂದರೆ ಎಂಜಲಿನ ಅಮೈಲೇಸ್ ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿರುವುದಿಲ್ಲ. ಎರಡು, ಮೂರನೆಯವುಗಳ ಹನಿ ನೀಲಿಯಾಗಿಯೇ ಉಳಿಯಬೇಕು, ಏಕೆಂದರೆ ಕುದಿಸಿದರೂ ಆಮ್ಲ ಬೆರೆಸಿದರೂ ಕಿಣ್ವ ಕೆಲಸ ಮಾಡುವುದಿಲ್ಲ.

ಹೆಚ್ಚು ಜನ ಎಡವುವುದು ಮೂರನೆಯದರಲ್ಲಿ. ವಿನೆಗರ್ ಸಿಗದೆ ನಿಂಬೆರಸ ಹಿಂಡುತ್ತಾರೆ, ನೀಲಿ ಮಾಯವಾಗುತ್ತದೆ, ಆಮ್ಲದಲ್ಲೂ ಜೀರ್ಣವಾಯಿತು ಎಂದು ಬರೆದುಬಿಡುತ್ತಾರೆ. ಅಲ್ಲಿ ಪಿಷ್ಟ ಹಾಗೆಯೇ ಇದೆ. ನಿಂಬೆಯ ವಿಟಮಿನ್ ಸಿ ಅಯೋಡಿನ್ನಿನ ಬಣ್ಣವನ್ನೇ ಕಳೆದಿದೆ. ಪರೀಕ್ಷೆ ಸುಲಭ: ಇನ್ನೂ ನಾಲ್ಕಾರು ಹನಿ ಅಯೋಡಿನ್ ಬಿಡಿ. ಪಿಷ್ಟ ಉಳಿದಿದ್ದರೆ ನೀಲಿ ಮರಳುತ್ತದೆ, ನಿಜವಾಗಿ ಮುಗಿದಿದ್ದರೆ ಎಷ್ಟು ಹಾಕಿದರೂ ಹಳದಿಯೇ.

ಆಮ್ಲದ ಪ್ರನಾಳ ನೋಡಿದ ಮೇಲೆ ಮಕ್ಕಳು ಕೇಳುವ ಪ್ರಶ್ನೆ ಸರಿಯಾದದ್ದೇ: ಜಠರದಲ್ಲಿ ಎಂಜಲಿನ ಕೆಲಸ ನಿಲ್ಲುವುದಾದರೆ, ಅಗಿಯದೆ ನುಂಗುವ ರಾಗಿಮುದ್ದೆಯ ಗತಿ ಏನು? ತುತ್ತಿನ ಒಳಗೆ ಆಮ್ಲ ಇಳಿಯುವವರೆಗೆ ಬೆರೆತಷ್ಟು ಎಂಜಲು ಕೆಲಸ ಮಾಡುತ್ತಲೇ ಇರುತ್ತದೆ. ಮುದ್ದೆಗೆ ಬೆರೆತಿರುವುದೇ ಕಡಿಮೆ. ಅದರ ಹೆಚ್ಚಿನ ಪಿಷ್ಟ ಒಡೆಯುವುದು ಸಣ್ಣ ಕರುಳಿನಲ್ಲಿ, ಮೇದೋಜೀರಕ ಗ್ರಂಥಿ ಕಳಿಸುವ ಅಮೈಲೇಸ್‌ನಿಂದ. ಆ ಗ್ರಂಥಿಯ ರಸದಲ್ಲಿರುವ ಬೈಕಾರ್ಬೋನೇಟ್ ಮೊದಲು ಜಠರದ ಆಮ್ಲವನ್ನು ತಣಿಸುತ್ತದೆ; ಕರುಳಿನ ಗೋಡೆಯ ಮಾಲ್ಟೇಸ್ ಎಂಬ ಇನ್ನೊಂದು ಕಿಣ್ವ ಕೊನೆಗೆ ಮಾಲ್ಟೋಸನ್ನು ಗ್ಲೂಕೋಸ್ ಮಾಡಿ ಒಳಗೆ ಬಿಡುತ್ತದೆ.