ಹೆಡ್ ಹೋಗಿರಲಿಲ್ಲ: ಕುದಿಯುತ್ತಿದ್ದ ನನ್ನ ಹಳೇ 800 ತಣ್ಣಗಾದದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ಕಾರ್ ಮೆಕ್ಯಾನಿಕ್ ಅಲ್ಲ. ಕಲಬುರಗಿಯಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟು ಹದಿನೆಂಟು ವರ್ಷ ಆಯಿತು. ಬೋರ್‌ವೆಲ್ ಪಂಪು, ಹಿಟ್ಟಿನ ಗಿರಣಿ ಮೋಟಾರು, ಬೇಸಿಗೆಯಲ್ಲಿ ಕೂಲರ್ ಮೋಟಾರು, ಇದೇ ನನ್ನ ಅನ್ನ. ಕಾರು ಅಂದರೆ ಮನೆಯದೊಂದು ಮಾರುತಿ 800. 2004ರ ಮಾಡೆಲ್, ಎಸಿ ಇರುವುದು. ನಾನು ಎರಡನೇ ಓನರ್. ಎಂಬತ್ತು ಸಾವಿರವೋ ಎಂಬತ್ತೈದೋ ಕೊಟ್ಟು ತಗೊಂಡಿದ್ದೆ. ಅದು ಕುದಿಯಲು ಶುರು ಮಾಡಿದಾಗ ನೋಡಿದವರೆಲ್ಲ "ಹೆಡ್ ಹೋಗ್ಯದ" ಅಂದರು, ಅಂದರೆ ಎಂಜಿನ್ನಿನ ಸಿಲಿಂಡರುಗಳ ಮೇಲಿನ ಮುಚ್ಚಳ ಕೆಟ್ಟಿದೆ ಅಂತ. ಹೋಗಿರಲಿಲ್ಲ. ಅದನ್ನು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲ ಸಲ ಕುದಿದದ್ದು ಹುಮನಾಬಾದ್ ರಸ್ತೆಯಲ್ಲಿ, ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡರ ಮೇಲೆ. ಗಾಡಿಯಲ್ಲಿ ನಾನು, ನಮ್ಮಾಕಿ, ಅವ್ವ, ಎರಡು ಮಕ್ಕಳು. ಹೊರಟದ್ದು ಮಾವನ ಮನೆಗೆ. ಕಮಲಾಪುರ ಇನ್ನೂ ಬಂದಿರಲಿಲ್ಲ, ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ ಸಂದಿನಿಂದ ಹಬೆ. ಅವಸರಕ್ಕೆ ಗೋಣಿಚೀಲ ಹಾಕಿ ರೇಡಿಯೇಟರ್ ಕ್ಯಾಪ್ ತಿರುಗಿಸಿದೆ. ಮಾಡಬಾರದು ಅಂತ ಗೊತ್ತು, ಆದರೂ ಮಾಡಿದೆ. ಎಡ ಮಣಿಕಟ್ಟಿನ ಮೇಲೆ ಎರಡು ಬೆರಳಗಲ ಕಲೆ ಇನ್ನೂ ಇದೆ. ಆಮೇಲೆ ಅಲ್ಲೇ ಹೋಟೆಲಿನವರ ಬೋರ್ ನೀರು ಒಂದು ಕೊಡ ತಂದು ಹಾಕಿದೆ. ಅದು ಎರಡನೇ ತಪ್ಪು.

ಊರಿಗೆ ಬಂದು ಮೂರು ಕಡೆ ತೋರಿಸಿದೆ. ಮೊದಲನೆಯ ಉಸ್ತಾದರು ಬಾನೆಟ್ ಎತ್ತಿದ ಎರಡು ನಿಮಿಷಕ್ಕೆ, "ಹೆಡ್ ಗ್ಯಾಸ್ಕೆಟ್ ಹೋಗ್ಯದ್ರಿ ಅಣ್ಣಾ, ಹೆಡ್ ಇಳಸ್ಬೇಕು, ಫೇಸಿಂಗ್ ಹೊಡಿಸ್ಬೇಕು" ಅಂದರು. ಗ್ಯಾಸ್ಕೆಟ್ ಅಂದರೆ ಹೆಡ್ಡಿಗೂ ಎಂಜಿನ್ನಿಗೂ ನಡುವೆ ಕೂರುವ ಸೀಲು, ಫೇಸಿಂಗ್ ಅಂದರೆ ಹೆಡ್ಡಿನ ತಳವನ್ನು ಸಪಾಟಾಗಿ ಉಜ್ಜುವುದು. ಹದಿನಾರರಿಂದ ಹದಿನೆಂಟು ಸಾವಿರ. ಎರಡನೆಯವರು ವಾಟರ್ ಪಂಪ್ ಅಂದರು. ಮೂರನೆಯವರು ಗುಜರಿ ವ್ಯಾಪಾರಿಯ ನಂಬರ್ ಕೊಟ್ಟರು. ಅವನು ಇಪ್ಪತ್ತೆಂಟು ಸಾವಿರಕ್ಕೆ ಕೇಳಿದ. "ಮಾರಿಬಿಡೋ ಯಪ್ಪಾ, ಪೀಡಾ ಹೋಗ್ತದ" ಅಂದಳು ಅವ್ವ.

ಅಗ್ಗದ ಮಾತು ನಂಬಬೇಕು ಅನ್ನಿಸಿ ವಾಟರ್ ಪಂಪ್ ಬದಲಿಸಿದೆ. ಪಂಪಿಗೆ ಸಾವಿರದ ನಾನೂರು, ಕೂಲಿ ಐನೂರು. ಹಳೇ ಪಂಪ್ ಕೈಗೆ ಬಂದಮೇಲೆ ತಿರುಗಿಸಿ ನೋಡಿದೆ. ಬೇರಿಂಗ್ ಗಟ್ಟಿ, ಇಂಪೆಲ್ಲರ್ ಸರಿ. ಪಂಪು ನೋಡಿಯೇ ಬದುಕುವ ನಾನು ಬಿಚ್ಚುವ ಮುಂಚೆ ಕೇಳದೇ ಹೋದೆನಲ್ಲ! ಸಾವಿರದ ಒಂಬೈನೂರು ನೀರಿಗೆ ಹೋಯಿತು. ಗಾಡಿ ಮೊದಲಿನ ಹಾಗೇ ಕುದಿಯಿತು.

ಇನ್ನು ಉಳಿದದ್ದು ಹೆಡ್ ಒಂದೇ ಅಂತ ಎಲ್ಲರ ಲೆಕ್ಕ. ನಾನು ಡಿಪ್‌ಸ್ಟಿಕ್ ನೋಡಿದೆ, ಆಯಿಲ್ ಕ್ಯಾಪಿನ ಒಳಗೆ ನೋಡಿದೆ, ಹಾಲಿನಂಥ ನೊರೆ ಇಲ್ಲ, ಅಂದರೆ ಆಯಿಲಿಗೆ ನೀರು ಸೇರಿಲ್ಲ. ಮೂರೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟೆ, ಮೂರರದೂ ಒಂದೇ ಬಣ್ಣ. ನೀರು ಒಳಗೆ ಹೋಗುತ್ತಿದ್ದರೆ ಒಂದಾದರೂ ತೊಳೆದ ಹಾಗೆ ಬೆಳ್ಳಗಿರಬೇಕಿತ್ತು. ಆದರೆ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ರೇಡಿಯೇಟರಿನಲ್ಲಿ ಗುಳ್ಳೆ ಬರುತ್ತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ, ಹದಿನೆಂಟು ಸಾವಿರ ಕಣ್ಣ ಮುಂದೆ.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮಗಳ ಹುಟ್ಟುಹಬ್ಬದಲ್ಲಿ ಉಳಿದಿದ್ದ ಒಂದು ಬಲೂನನ್ನು ರೇಡಿಯೇಟರ್ ಬಾಯಿಗೆ ಸಿಕ್ಕಿಸಿ ಕಟ್ಟಿದೆ. ಸ್ಟಾರ್ಟ್ ಮಾಡಿದೆ. ಗ್ಯಾಸ್ಕೆಟ್ ಹೋಗಿದ್ದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗಿ ಬಲೂನು ಕೂಡಲೇ ಉಬ್ಬಬೇಕು. ಎರಡು ನಿಮಿಷ ಓಡಿಸಿದರೂ ಅದು ಒಂದು ಕಡೆ ಜೋತು ಬಿದ್ದಿತ್ತು. ರೇಸ್ ಕೊಟ್ಟೆ, ಸ್ವಲ್ಪ ಅಲುಗಾಡಿತು, ಅಷ್ಟೇ. ಹಾಗಾದರೆ ಗುಳ್ಳೆ ಎಲ್ಲಿಂದ? ಪಂಪ್ ಬದಲಿಸುವಾಗ ಒಳಗೆ ಸಿಕ್ಕ ಗಾಳಿ. ಅದನ್ನು ತೆಗೆಯಬೇಕಾದರೆ ಗಾಡಿಯ ಮೂತಿ ಮೇಲಿರಬೇಕು. ನಮ್ಮ ಓಣಿ ರೊಟ್ಟಿಯ ಹಾಗೆ ಸಪಾಟು. ಮನೆ ಕಟ್ಟಿದಾಗ ಉಳಿದ ಶಹಾಬಾದ ಪರ್ಸಿ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟು ಮುಂದಿನ ಎರಡು ಚಕ್ರ ಹತ್ತಿಸಿದೆ. ಇಪ್ಪತ್ತು ನಿಮಿಷದಲ್ಲಿ ಗುಳ್ಳೆ ನಿಂತಿತು.

ಈಗ ಫ್ಯಾನಿಗೆ ಬಂದೆ. ಇದನ್ನು ಎಲ್ಲರೂ ನೋಡಿದ್ದರು. "ಫ್ಯಾನ್ ಓಡ್ತದಲ್ರಿ" ಅಂತ ಬಿಟ್ಟಿದ್ದರು. ಹಿಂದೆ ಯಾರೋ ಫ್ಯಾನನ್ನು ಡೈರೆಕ್ಟ್ ಮಾಡಿ, ಅಂದರೆ ಬಿಸಿಯಾದಾಗ ತಾನೇ ಓಡುವುದನ್ನು ತಪ್ಪಿಸಿ, ಡ್ಯಾಶ್‌ಬೋರ್ಡ್ ಕೆಳಗೆ ಒಂದು ಸ್ವಿಚ್ ಇಟ್ಟಿದ್ದರು. ಕನೆಕ್ಟರ್ ಕತ್ತರಿಸಿ, ವೈರ್ ಹೊಸೆದು, ಕಪ್ಪು ಟೇಪ್ ಸುತ್ತಿದ್ದರು. ಆ ಟೇಪ್ ಕಂಡಾಗಲೇ ನನಗೆ ಏನೋ ಅನ್ನಿಸಿತು.

ನಮ್ಮ ಅಂಗಡಿಗೆ ವರ್ಷಕ್ಕೆ ನಾಲ್ಕೈದು ರೈತರಾದರೂ ಇದೇ ಗೋಳು ತರುತ್ತಾರೆ. "ಮೋಟಾರ್ ಓಡ್ತದ್ರಿ, ನೀರ್ ಬರವಲ್ದು, ಬೋರ್ ಬತ್ತ್ಯದ." ಹೊಸ ಬೋರ್ ಹೊಡೆಸಲು ಸಾಲಕ್ಕೂ ಓಡಾಡಿರುತ್ತಾರೆ. ಹೋಗಿ ನೋಡಿದರೆ ಪ್ಯಾನಲ್ ರಿಪೇರಿ ಮಾಡಿದವರು ಮೂರು ಫೇಸ್ ವೈರಿನಲ್ಲಿ ಎರಡನ್ನು ಅದಲು ಬದಲು ಮಾಡಿರುತ್ತಾರೆ. ಪಂಪು ಉಲ್ಟಾ ತಿರುಗುತ್ತಿರುತ್ತದೆ. ಶಬ್ದ ಇದೆ, ಕರೆಂಟ್ ಎಳೆಯುತ್ತದೆ, ನೀರು ಮಾತ್ರ ಬೆರಳಿನಷ್ಟು.

ಊದಬತ್ತಿ ಹಚ್ಚಿಕೊಂಡು ಬಂದು ಮುಂದಿನ ಜಾಲರಿಯ ಹತ್ತಿರ ಹಿಡಿದು ಸ್ವಿಚ್ ಹಾಕಿದೆ. 800ರಲ್ಲಿ ಫ್ಯಾನ್ ಇರುವುದು ರೇಡಿಯೇಟರಿನ ಹಿಂದೆ. ಹೊರಗಿನ ಗಾಳಿಯನ್ನು ಒಳಗೆ ಎಳೆಯಬೇಕು. ಹೊಗೆ ಒಳಗೆ ಹೋಗಬೇಕು. ನನ್ನ ಹೊಗೆ ನೇರ ನನ್ನ ಮುಖಕ್ಕೇ ಬಂತು, ಕಣ್ಣು ಉರಿಯಿತು. ಫ್ಯಾನ್ ಉಲ್ಟಾ. ಎಂಜಿನ್ನಿನ ಬಿಸಿ ಗಾಳಿಯನ್ನೇ ತಂದು ರೇಡಿಯೇಟರಿಗೆ ಊದುತ್ತಿತ್ತು. ಗಾಡಿ ಓಡುವಾಗ ಎದುರಿನಿಂದ ಬರುವ ಗಾಳಿಗೂ ಅದೇ ಅಡ್ಡ. ಡಿಸಿ ಮೋಟಾರು, ಪ್ಲಸ್ಸು ಮೈನಸ್ಸು ಅದಲು ಬದಲಾದರೆ ತಿರುಗುವ ದಿಕ್ಕೂ ಬದಲಾಗುತ್ತದೆ. ಎರಡು ವೈರ್ ಬದಲಿಸಿದೆ, ಅಷ್ಟೇ. ಖರ್ಚು ಸೊನ್ನೆ. ಕೈಗೆ ಮೀಟರ್ ಬಂದ ಮೇಲೆ ಸುಮ್ನೆ ಇರಲು ಆಗುವುದಿಲ್ಲ ಅಲ್ವಾ? ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೆ ಫ್ಯಾನಿನ ಹತ್ತಿರ 11 ಚಿಲ್ಲರೆ. ಅರ್ಥಿಂಗ್ ಬೋಲ್ಟ್ ತುಕ್ಕು. ಅದನ್ನು ಉಜ್ಜಿ, ಅಂಗಡಿಯಲ್ಲಿದ್ದ 4 ಸ್ಕ್ವೇರ್ ಎಂಎಂ ವೈರನ್ನು ಬ್ಯಾಟರಿಯ ಮೈನಸ್ಸಿನಿಂದ ನೇರ ಎಳೆದೆ. ಫ್ಯಾನಿನ ಧ್ವನಿಯೇ ಬೇರೆ ಆಯಿತು.

ಓಣಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ. ಮೊದಲಿನ ಉಸ್ತಾದರಿಗೂ ಫೋನ್ ಮಾಡಿದೆ. ಊರೊಳಗೆ ಜಗತ್ ಸರ್ಕಲ್, ಸೂಪರ್ ಮಾರ್ಕೆಟ್ ಟ್ರಾಫಿಕ್ಕಿನಲ್ಲಿ ಮುಳ್ಳು ಅರ್ಧ ದಾಟಲಿಲ್ಲ. ಆ ಭಾನುವಾರ ಆಳಂದ ರಸ್ತೆಗೆ ಒಯ್ದೆ. ಇಪ್ಪತ್ತೈದು ಕಿಲೋಮೀಟರ್ ಆಗಿರಬೇಕು, ಎಪ್ಪತ್ತರ ವೇಗ, ಮತ್ತೆ ಕೆಂಪು ಗೆರೆ. ಉಸ್ತಾದರು ನಕ್ಕರು. "ನಾ ಹೇಳ್ಲಿಲ್ಲೇನ್ರಿ?"

ಇಲ್ಲೇ ಹೆಚ್ಚು ಜನ ಸೋಲುತ್ತಾರೆ. ಒಂದು ತೊಂದರೆ ಸರಿ ಮಾಡಿದರೂ ಗಾಡಿ ಕುದಿಯಿತು ಅಂದರೆ, ನಾವು ಮಾಡಿದ್ದೇ ತಪ್ಪು ಅಂದುಕೊಳ್ಳುತ್ತೇವೆ. ನನ್ನ ಗಾಡಿಯಲ್ಲಿ ಎರಡು ತೊಂದರೆ ಒಟ್ಟಿಗೆ ಇದ್ದವು. ನಿಂತಾಗ ಕುದಿಯುತ್ತಿದ್ದದ್ದು ಫ್ಯಾನಿನಿಂದ, ಅದು ಹೋಗಿತ್ತು. ಓಡಿದಾಗ ಕುದಿಯುವುದು ಬೇರೆ. ಮನೆಗೆ ತಂದು, ಎಂಜಿನ್ ಆಫ್ ಮಾಡಿ, ಫ್ಯಾನಿನ ವೈರ್ ಬಿಚ್ಚಿ, ರೇಡಿಯೇಟರಿನ ಮೇಲೆ ಅಂಗೈ ಹಿಂಭಾಗ ಆಡಿಸಿದೆ. ಮೇಲೆ ಕೈ ಇಡಲಾಗದಷ್ಟು ಬಿಸಿ. ಕೆಳಗೆ ಒಂದು ಮೂಲೆ, ಸುಮಾರು ಕಾಲು ಭಾಗ, ಮಣ್ಣಿನ ಗಡಿಗೆಯಷ್ಟು ತಣ್ಣಗೆ. ಅಲ್ಲಿಗೆ ನೀರೇ ಹೋಗುತ್ತಿಲ್ಲ. ಸುಣ್ಣ ಕಟ್ಟಿದೆ.

ಕಟ್ಟದೇ ಇರುತ್ತದೆಯೇ? ಸೇಡಂ, ಶಹಾಬಾದ, ವಾಡಿ ಕಡೆಯೆಲ್ಲ ನೆಲದಲ್ಲಿ ಸುಣ್ಣಕಲ್ಲು, ಅದಕ್ಕೇ ಅಲ್ಲಿ ಸಿಮೆಂಟ್ ಫ್ಯಾಕ್ಟರಿಗಳು. ಆ ಕಡೆಯ ಬೋರಿನಿಂದ ಎತ್ತಿದ ಪಂಪು ನನ್ನ ಅಂಗಡಿಗೆ ಬಂದರೆ ಬೌಲ್‌ಗಳ ಒಳಗೆ ಬಿಳಿ ಪದರ ಬೆರಳಿನಿಂದ ಕೆರೆಯುವಷ್ಟು ಇರುತ್ತದೆ. ಅದೇ ಥರದ ನೀರನ್ನು ಹತ್ತು ವರ್ಷ ಕಾರಿಗೆ ಕುಡಿಸಿದ್ದೇವೆ. ಕೂಲೆಂಟ್ ಯಾರು ಹಾಕುತ್ತಾರೆ, ನೀರು ಪುಕ್ಕಟೆ ಸಿಗುವಾಗ!

ಪಂಪಿನ ಸುಣ್ಣಕ್ಕೆ ನಾವು ತೆಳು ಮಾಡಿದ ಆಸಿಡ್ ಬಳಸುತ್ತೇವೆ. ಅದನ್ನೇ ಹಾಕಿಬಿಡೋಣ ಅನ್ನಿಸಿತು. ಪುಣ್ಯಕ್ಕೆ ಮೊದಲು ಗುಜರಿಯಿಂದ ನಾನೂರು ರೂಪಾಯಿಗೆ ಒಂದು ಹಳೇ ಅಲ್ಯೂಮಿನಿಯಂ ರೇಡಿಯೇಟರ್ ತಂದು ಅದರ ಮೇಲೆ ಪ್ರಯೋಗ ಮಾಡಿದೆ. ಸುರಿದ ಕೂಡಲೇ ಸುರ್ ಅಂತ ನೊರೆ. ಅರ್ಧ ಗಂಟೆಗೆ ಮೂರು ಕಡೆ ತೊಟ್ಟಿಕ್ಕಲು ಶುರು. ಆಸಿಡ್ ಸುಣ್ಣದ ಜೊತೆ ಅಲ್ಯೂಮಿನಿಯಮ್ಮನ್ನೂ ತಿಂದಿತ್ತು. ಆ ನಾನೂರು ರೂಪಾಯಿ ನನ್ನ ರೇಡಿಯೇಟರನ್ನು ಉಳಿಸಿತು.

ಕೊನೆಗೆ ನಿಂಬೆ ಉಪ್ಪು. ಕಿರಾಣಿಯಲ್ಲಿ ಸಿಗುವುದೇ, ಸಿಟ್ರಿಕ್ ಆಸಿಡ್. ನನ್ನ ಗಾಡಿ ಮೂರೂವರೆ ಲೀಟರ್ ಚಿಲ್ಲರೆ ನೀರು ಹಿಡಿಯುತ್ತದೆ. ಅದಕ್ಕೆ ಇನ್ನೂರು ಗ್ರಾಂ ಹಾಕಿ, ಇಪ್ಪತ್ತೈದು ನಿಮಿಷ ಓಡಿಸಿ, ತಣ್ಣಗಾಗಲು ಬಿಟ್ಟು, ಇಳಿಸಿದೆ. ಮೊದಲ ಸಲ ಬಂದದ್ದು ಚಹಾದ ಬಣ್ಣ, ತಳದಲ್ಲಿ ಕಲ್ಲುಸಕ್ಕರೆಯಂಥ ಚೂರು. ಎರಡನೇ ಸಲ ತಿಳಿ ಸಾರಿನ ಬಣ್ಣ. ಮೂರನೇ ಸಲಕ್ಕೆ ಇನ್ನೊಂದು ಸಾಮಾನು ಸೇರಿಸಿದೆ. ಅದು ಅಂಗಡಿಯ ಗುಟ್ಟು, ಕೇಳಬೇಡಿ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಒಂದು ಸಲ, ತಿಳಿ ನೀರು ಬರುವ ತನಕ ನಾಲ್ಕು ಸಲ, ಕೊನೆಯದು ಬ್ಯಾಟರಿ ವಾಟರಿನಲ್ಲಿ, ಅಂದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ.

ಮರುದಿನ ಗಾಡಿ ಕೆಳಗೆ ನೀರು. ಎದೆ ಧಸಕ್ ಅಂತು. ಸುಣ್ಣವೇ ಹಳೇ ಹೋಸಿನ ಬಿರುಕನ್ನು ಮುಚ್ಚಿಕೊಂಡು ಕೂತಿತ್ತು. ಸುಣ್ಣ ಹೋಯಿತು, ಬಿರುಕು ಬಾಯಿ ಬಿಟ್ಟಿತು. ಎರಡು ಹೋಸು, ಕ್ಲಿಪ್ಪು ಸೇರಿ ನಾನೂರೈವತ್ತು. ಅಂದಹಾಗೆ ಲೀಕಿಗೆ ಅರಿಶಿನ ಪುಡಿ ಹಾಕುವ ಮದ್ದನ್ನು ಹಿಂದಿನ ವರ್ಷ ನಾನೂ ಮಾಡಿದ್ದೆ. ಎರಡು ದಿನ ನಿಂತಿತ್ತು. ಆ ಹಳದಿ ಕೆಸರೂ ಈಗ ಹೊರಗೆ ಬಂತು. ದಾರಿಯಲ್ಲಿ ಮನೆ ಮುಟ್ಟಲು ಸರಿ, ಅದನ್ನೇ ರಿಪೇರಿ ಅಂದುಕೊಳ್ಳಬೇಡಿ.

ಥರ್ಮೋಸ್ಟಾಟಿನದು ಇನ್ನೊಂದು ಜಗಳ. ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್ ಅದು. ನಮ್ಮ ಊರಿನ ಬಿಸಿಲಿಗೆ ಅದು ಬೇಡ ಅಂತ ಎಲ್ಲರೂ ಕಿತ್ತು ಹಾಕುತ್ತಾರೆ. ನನ್ನ ಗಾಡಿಯಲ್ಲೂ ಇರಲಿಲ್ಲ. ತೊಳೆಯುವಾಗ ಅದು ಇಲ್ಲದ್ದೇ ಅನುಕೂಲ ಆಯಿತು ಅನ್ನಿ. ಆಮೇಲೆ ಹೊಸದು ತಂದೆ, ಮುನ್ನೂರೈವತ್ತು. ಹಾಕುವ ಮುಂಚೆ ಚಹಾ ಪಾತ್ರೆಯಲ್ಲಿ ನೀರಿಟ್ಟು, ದಾರದಲ್ಲಿ ತೂಗುಬಿಟ್ಟು, ಥರ್ಮಾಮೀಟರ್ ಹಿಡಿದು ಕೂತೆ. ಮೇಲೆ ತೆರೆಯುವ ಡಿಗ್ರಿ 82 ಅಂತ ಒತ್ತಿತ್ತು. 83ಕ್ಕೋ 84ಕ್ಕೋ ಬಾಯಿ ತೆರೆಯತೊಡಗಿತು. "ರೀ, ಅದರಾಗ ಇನ್ನ ಚಹಾ ಮಾಡಂಗಿಲ್ಲ ನಾನು" ಅಂದಳು ನಮ್ಮಾಕಿ. ಹೊಸ ಪಾತ್ರೆಯ ಇನ್ನೂರು ರೂಪಾಯಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಬೆಳಿಗ್ಗೆ ಎಂಜಿನ್ ಬೇಗ ಹದಕ್ಕೆ ಬಂತು. ಹನ್ನೆರಡು ಹದಿಮೂರಿದ್ದ ಮೈಲೇಜ್ ಹದಿನಾರಕ್ಕೆ ಏರಿತು. ಇದನ್ನು ನಾನು ಎಣಿಸಿರಲಿಲ್ಲ.

ರೇಡಿಯೇಟರ್ ಕ್ಯಾಪನ್ನೂ ಬದಲಿಸಿದೆ, 0.9 ಬಾರ್ ಒತ್ತಡದ್ದು. ಹಳೆಯದರ ರಬ್ಬರ್ ಒಣಗಿದ ಹುಣಸೆಯಾಗಿತ್ತು. ಕ್ಯಾಪ್ ಒತ್ತಡ ಹಿಡಿದರೆ ಬರೀ ನೀರೂ 118 ಡಿಗ್ರಿ ತನಕ ಕುದಿಯುವುದಿಲ್ಲ, ಹಿಡಿಯದಿದ್ದರೆ 100ಕ್ಕೇ ಮುಗಿಯಿತು. ನೂರೆಂಬತ್ತು ರೂಪಾಯಿಯ ಸಾಮಾನು, ಎಲ್ಲರೂ ಕೊನೆಗೆ ನೋಡುತ್ತಾರೆ. ಆಮೇಲೆ ಕೂಲೆಂಟ್ ಅರ್ಧ, ಬ್ಯಾಟರಿ ವಾಟರ್ ಅರ್ಧ. ಮತ್ತೆ ಪರ್ಸಿ ಮೇಲೆ ಗಾಡಿ.

ಮೇ ಎರಡನೇ ವಾರ ಬೀದರಿಗೆ ಹೊರಟೆವು. ಅದೇ ಐದು ಜನ, ಅದೇ ಹುಮನಾಬಾದ್ ರಸ್ತೆ, ಬೇಕಂತಲೇ ಹನ್ನೊಂದು ಗಂಟೆಗೆ. ಬಿಸಿಲು 42 ಇರಬೇಕು, ಎಸಿ ಹಾಕಿದ್ದೆ. ಬೀದರ್ ನಮಗಿಂತ ಎತ್ತರದಲ್ಲಿದೆ, ಎಂಜಿನ್ನಿಗೆ ಕೆಲಸ ಜಾಸ್ತಿ. ನಾನು ರಸ್ತೆಗಿಂತ ಮುಳ್ಳನ್ನೇ ಹೆಚ್ಚು ನೋಡಿದೆ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿಗೆ ನಿಲ್ಲಿಸಿದಾಗ ಎಂಜಿನ್ ಬಂದ್ ಮಾಡಲಿಲ್ಲ, ಹತ್ತು ನಿಮಿಷ ಹಾಗೇ ಬಿಟ್ಟೆ. ಮುಳ್ಳು ಅರ್ಧದ ಕೆಳಗೇ ಇತ್ತು. ಝರಣಿ ನರಸಿಂಹನ ದರ್ಶನ ಮಾಡಿಕೊಂಡು, ಕೋಟೆ ನೋಡಿಕೊಂಡು, ರಾತ್ರಿ ಒಂಬತ್ತಕ್ಕೆ ಮನೆಗೆ ಬಂದೆವು. ಹೆಚ್ಚು ಕಡಿಮೆ 230 ಕಿಲೋಮೀಟರ್. ಒಂದು ಲೋಟ ನೀರೂ ಸೇರಿಸಲಿಲ್ಲ.

ದಂಡವಾದ ವಾಟರ್ ಪಂಪ್, ಗುಜರಿ ರೇಡಿಯೇಟರ್, ಚಹಾ ಪಾತ್ರೆ ಎಲ್ಲ ಸೇರಿ ನಾಲ್ಕೂವರೆ ಸಾವಿರ. ದಂಡ ಬಿಟ್ಟರೆ ಎರಡು ಸಾವಿರದ ಆಸುಪಾಸು. ಉಸ್ತಾದರು ಈಗ ನಗುವುದಿಲ್ಲ. ಅವರ ಗ್ಯಾರೇಜಿನ ಗಲ್ಲಾಪೆಟ್ಟಿಗೆ ಪಕ್ಕ ಮೊನ್ನೆ ಒಂದು ಊದಬತ್ತಿ ಪೊಟ್ಟಣ ಕಂಡೆ. ಪೂಜೆಗೆ ಅಂದರು.

ಇನ್ನು ಉಳಿದಿರುವುದು ವೈಪರ್ ಮೋಟಾರು. ಅರ್ಧ ಗಾಜಿಗೆ ಹೋಗಿ ನಿಲ್ಲುತ್ತಿತ್ತು. ಊರಿನ ಮೋಟಾರೆಲ್ಲ ರಿಪೇರಿ ಮಾಡುವ ನಾನು ಇದನ್ನು ಬಿಚ್ಚಿ ಎರಡು ತಿಂಗಳಾಯಿತು, ಕೌಂಟರ್ ಕೆಳಗೆ ಡಬ್ಬಿಯಲ್ಲಿ ಬಿದ್ದಿದೆ. ಆರ್ಮೇಚರ್ ಸುಟ್ಟಿಲ್ಲ, ಬ್ರಷ್ ಸವೆದಿದೆ ಅಷ್ಟೇ. ಮಳೆ ಬೀಳುವುದರೊಳಗೆ ಮಾಡಬೇಕು.