ಜರ್ಮನಿಯ ಕಾಡಲ್ಲಿ ವಸಂತದ ಅಣಬೆ: ಕೀಳುವ ಮೊದಲು ಇಷ್ಟು ತಿಳಿದಿರಲಿ

ನಮ್ಮ ಮಲೆನಾಡಲ್ಲಿ ಅಣಬೆ ಅಂದರೆ ಮಳೆಗಾಲ. ಗುಡುಗು ಬಂದ ಮೇಲೆ ಹುತ್ತದ ಸುತ್ತ ಹುಡುಕುತ್ತಿದ್ದೆವು. ಜರ್ಮನಿಯಲ್ಲಿ ಚಳಿ ಬಿಟ್ಟು ಏಪ್ರಿಲ್ ಬಂದರೆ ಸಾಕು, ಜನ ಬುಟ್ಟಿ ಹಿಡಿದು ಕಾಡಿಗೆ ಹೊರಡುತ್ತಾರೆ. ಅವರು ಹುಡುಕುವುದು ಮೊರ್ಶೆಲ್. ಹಿಮಾಲಯದ ಗುಚ್ಛಿ ಗೊತ್ತಲ್ವಾ, ಅದೇ ಕುಲದ್ದು. ನದಿ ಬದಿಯ ಆಶ್ ಮರಗಳ ಕೆಳಗೆ, ಕಾಡು ಬೆಳ್ಳುಳ್ಳಿಯ ಘಾಟು ಬರುವ ಕಡೆ ಕಣ್ಣಿಟ್ಟು ನೋಡಿ.

ಕಾಡು ಖಾಸಗಿಯವರದ್ದಾದರೂ ಇಲ್ಲಿ ಓಡಾಡಬಹುದು. ಲೈಸೆನ್ಸ್ ಬೇಡ. ಪ್ರಕೃತಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನ ಪ್ರಕಾರ ಸ್ವಂತಕ್ಕೆಂದು ಸ್ವಲ್ಪ ಹೂವು, ಹಣ್ಣು, ಅಣಬೆಯನ್ನು ಯಾರು ಬೇಕಾದರೂ ಕೀಳಬಹುದು. ಆದರೆ ಮೊರ್ಶೆಲ್ ವಿಶೇಷ ರಕ್ಷಣೆಯ ಪಟ್ಟಿಯಲ್ಲಿದೆ. ಮನೆಗೆಂದು ಸ್ವಲ್ಪ ತರಬಹುದು, ಮಾರುವ ಹಾಗಿಲ್ಲ. ಸ್ವಲ್ಪ ಅಂದರೆ ಸಾಮಾನ್ಯವಾಗಿ ದಿನಕ್ಕೆ ತಲೆಗೆ 1 ಕಿಲೋ ಅಂತ ಲೆಕ್ಕ. ಅಷ್ಟು ಮೊರ್ಶೆಲ್ ಸಿಗುವುದೇ ಅಪರೂಪ ಬಿಡಿ. ಹಸಿರು ಅಂಚಿನ ತ್ರಿಕೋನದಲ್ಲಿ ಹದ್ದು, ಇಲ್ಲವೇ ಹಳದಿ ಫಲಕದಲ್ಲಿ ಗೂಬೆ ಕಂಡರೆ ಅದು ಸಂರಕ್ಷಿತ ಜಾಗ. ಅಲ್ಲಿ ಏನನ್ನೂ ಮುಟ್ಟಬೇಡಿ.

ಕಾನೂನಿಗಿಂತ ನನಗೆ ಜಾಸ್ತಿ ಭಯ ಲೋರ್ಶೆಲ್ ಅನ್ನುವ ವಿಷದ ಅಣಬೆಯದ್ದು. ಇದೂ ವಸಂತದಲ್ಲೇ ಬರುತ್ತದೆ, ಮರಳು ನೆಲದ ಪೈನ್ ಕಾಡಲ್ಲಿ. ಮೊರ್ಶೆಲ್ ತಲೆಯಲ್ಲಿ ಜೇನುಗೂಡಿನ ಹಾಗೆ ಗುಳಿಗಳಿರುತ್ತವೆ, ಲೋರ್ಶೆಲ್ ತಲೆ ಮಿದುಳಿನ ಹಾಗೆ ಸುರುಳಿ ಸುರುಳಿ. ಉದ್ದಕ್ಕೆ ಸೀಳಿದರೆ ಮೊರ್ಶೆಲ್ ಬುಡದಿಂದ ತುದಿವರೆಗೆ ಒಂದೇ ಪೊಳ್ಳು. ಲೋರ್ಶೆಲ್ ವಿಷ ಯಕೃತ್ತನ್ನು ಕೆಡಿಸುತ್ತದೆ, ಬೇಯಿಸಿದರೂ ಪೂರ್ತಿ ಹೋಗುತ್ತದೆ ಅಂತ ನಂಬುವ ಹಾಗಿಲ್ಲ. ತೊಂದರೆ ಶುರುವಾಗುವುದು ತಿಂದು ಎಷ್ಟೋ ಗಂಟೆ ಆದ ಮೇಲೆ. ಹಾಗಾಗಿ ಊಟ ಆದ ಕೂಡಲೇ ಆರಾಮಾಗಿದ್ದೇವೆ ಅನ್ನುವುದಕ್ಕೆ ಅರ್ಥವಿಲ್ಲ.

ಊರಿನ ಕಣ್ಣನ್ನು ಇಲ್ಲಿ ನಂಬಬೇಡಿ. 2015ರಲ್ಲಿ ಇಲ್ಲಿಗೆ ಬಂದ ನಿರಾಶ್ರಿತರಲ್ಲಿ ಹಲವರು ತಮ್ಮೂರ ಅಣಬೆ ಅಂದುಕೊಂಡು ಡೆತ್ ಕ್ಯಾಪ್ ಅನ್ನುವ ಮಾರಕ ವಿಷದ ಅಣಬೆ ತಿಂದು ಆಸ್ಪತ್ರೆ ಸೇರಿದರು. ಅವರಿಗೆ ಅಣಬೆ ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿದ್ದದ್ದು ಬೇರೆ ಮಣ್ಣಿನದು.

ಇದಕ್ಕೆ ಜರ್ಮನಿಯಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ: ಪಿಲ್ಜ್‌ಬೆರಾಟರ್, ಅಂದರೆ ಅಣಬೆ ಸಲಹೆಗಾರರು. ಪರೀಕ್ಷೆ ಪಾಸಾದವರ ಪಟ್ಟಿ ಜರ್ಮನ್ ಅಣಬೆ ವಿಜ್ಞಾನ ಸಂಘದ ವೆಬ್‌ಸೈಟಲ್ಲಿದೆ. ಮನೆ ಹತ್ತಿರದವರಿಗೆ ಫೋನ್ ಮಾಡಿ ಬುಟ್ಟಿ ಒಯ್ದರೆ ಒಂದೊಂದಾಗಿ ನೋಡಿ ಹೇಳುತ್ತಾರೆ. ಎಷ್ಟೋ ಮಂದಿ ದುಡ್ಡೂ ತೆಗೆದುಕೊಳ್ಳುವುದಿಲ್ಲ. ಬುಡ ಸಮೇತ ಒಯ್ಯಿರಿ, ಪ್ಲಾಸ್ಟಿಕ್ ಕವರಲ್ಲಿ ತುಂಬಬೇಡಿ. ಮೊಬೈಲ್ ಆ್ಯಪ್ ನೋಡಿ ಮಾತ್ರ ತಿನ್ನಬೇಡಿ, ಕೈ ಮುಗಿದು ಹೇಳುತ್ತೇನೆ.

ಒಳ್ಳೆಯ ಮೊರ್ಶೆಲ್ ಕೂಡ ಹಸಿಯಾಗಿ ವಿಷವೇ. 20 ನಿಮಿಷ ಚೆನ್ನಾಗಿ ಬೇಯಲಿ. ಬೆಣ್ಣೆ, ಮೆಣಸಿನಪುಡಿ, ಉಪ್ಪು ಸಾಕು. ಸೋಸಿ ಬಿಟ್ಟ ಚೂರುಗಳನ್ನು ಎರಡು ದಿನ ಎಸೆಯಬೇಡಿ. ವಾಂತಿ, ಹೊಟ್ಟೆನೋವು ಬಂದರೆ ಅವನ್ನು ನೋಡಿಯೇ ವಿಷ ಯಾವುದು ಅಂತ ಗುರುತಿಸುತ್ತಾರೆ. ಬರ್ಲಿನ್‌ನ ವಿಷ ಸಹಾಯವಾಣಿ 030 19240, ಮ್ಯೂನಿಕ್‌ನದು 089 19240. ಜೋರಾಗಿದ್ದರೆ ನೇರ 112.

ಉಣುಗಿನ ಕಾಟವೂ ಇದೇ ಕಾಲಕ್ಕೆ. ಮಲೆನಾಡಿನ ಮಂಗನ ಕಾಯಿಲೆಯ ವೈರಸ್‌ನ ಹತ್ತಿರದ ಸಂಬಂಧಿ ಇಲ್ಲಿನ ಉಣುಗುಗಳಲ್ಲಿದೆ, ಜಾಸ್ತಿ ಬವೇರಿಯಾ, ಬಾಡೆನ್-ವ್ಯೂರ್ಟೆಂಬರ್ಗ್ ಕಡೆ. ಇದಕ್ಕೆ ಲಸಿಕೆ ಇದೆ, ಡಾಕ್ಟರನ್ನು ಕೇಳಿ. ಉದ್ದ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಮನೆಗೆ ಬಂದ ಕೂಡಲೇ ಮಂಡಿ ಹಿಂದೆ, ಕಂಕುಳಲ್ಲಿ ನೋಡಿಕೊಳ್ಳಿ. ಮಕ್ಕಳಿಗಾದರೆ ಕೂದಲೊಳಗೂ.