ನಿಮ್ಮ ಬಡಾವಣೆ ಎಷ್ಟು ಸುರಕ್ಷಿತ? ನೀವೇ ಲೆಕ್ಕ ಹಾಕಿ ನೋಡಿ

ದಸರಾ ರಜೆಯಲ್ಲಿ ಬೆಂಗಳೂರಿನ ಮೈಸೂರು ರಸ್ತೆ ಕಡೆಯ ನಮ್ಮ ಬಡಾವಣೆಯಲ್ಲಿ ಒಂದು ಮನೆಯ ಹಿಂಬಾಗಿಲು ಮೀಟಿದ್ದರು. ಸಂಜೆಯೊಳಗೆ ವಾಟ್ಸ್‌ಆ್ಯಪ್‌ನಲ್ಲಿ ಅದು ಐದು ಮನೆಯಾಯಿತು. ರಾತ್ರಿ ಊಟದ ಹೊತ್ತಿಗೆ 'ಗ್ಯಾಂಗ್' ಬಂದಾಗಿತ್ತು. ಪಕ್ಕದ ಬೀದಿಯ ಅಜ್ಜಿಯೊಬ್ಬರು ಮೂರು ರಾತ್ರಿ ಹಾಲ್‌ನ ದೀಪ ಆರಿಸದೆ ಕೂತಿದ್ದರು. ಕಳ್ಳತನವಾದದ್ದು ನಿಜ, ಆದರೆ ಒಂದೇ ಮನೆಯಲ್ಲಿ. ಅಷ್ಟನ್ನು ವಿಚಾರಿಸಿ ಅವರಿಗೆ ಹೇಳುವ ಕೆಲಸವನ್ನು ನಾವ್ಯಾರೂ ಮಾಡಿರಲಿಲ್ಲ. ಹೊಸದಾಗಿ ಮನೆ ಕೊಳ್ಳುವವರಿಗೂ ಈಗಾಗಲೇ ಇರುವವರಿಗೂ ಆ ವಿಚಾರಣೆ ಹೇಗೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಠಾಣೆ ಯಾವುದೆಂದು ತಿಳಿಯಿರಿ

ಹೊರವಲಯದಲ್ಲಿ ಇದೇ ದೊಡ್ಡ ಗೊಂದಲ. ವಿಳಾಸದಲ್ಲಿ ಬೆಂಗಳೂರು ಅಂತಿದ್ದರೂ ಠಾಣೆ ನಗರ ಪೊಲೀಸ್ ಕಮಿಷನರ್ ವ್ಯಾಪ್ತಿಗೆ ಸೇರಿರಬಹುದು, ಜಿಲ್ಲಾ ಎಸ್‌ಪಿ ವ್ಯಾಪ್ತಿಗೂ ಸೇರಿರಬಹುದು. ಹತ್ತಿರದ ಠಾಣೆಯೇ ನಿಮ್ಮದು ಅಂದುಕೊಳ್ಳಬೇಡಿ, ಹೋಗಿ ಕೇಳಿ.

ನಗರದ ಅಂಕಿಯನ್ನು ಮನೆ ಬಾಗಿಲಿಗೆ ತರಬೇಡಿ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿ ಬಂದಾಗಲೆಲ್ಲ 'ಬೆಂಗಳೂರಿನಲ್ಲಿ ಅಪರಾಧ ಏರಿಕೆ' ಎಂಬ ಸುದ್ದಿ ಬರುತ್ತದೆ. ಅಪರಾಧ ದರ ಎಂದರೆ ಒಂದು ಲಕ್ಷ ಜನಸಂಖ್ಯೆಗೆ ಎಷ್ಟು ಪ್ರಕರಣ ಎಂಬ ಲೆಕ್ಕ. ಮಹಾನಗರಗಳಿಗೆ ಬ್ಯೂರೊ ಬಳಸುತ್ತಾ ಬಂದಿರುವುದು 2011ರ ಜನಗಣತಿಯನ್ನು. ಬೆಂಗಳೂರಿಗೆ ಸುಮಾರು 85 ಲಕ್ಷ. ಅಷ್ಟರ ಮೇಲೆ ಊರು ಎಷ್ಟು ಬೆಳೆದಿದೆ ಎಂಬುದಕ್ಕೆ ನಿಮ್ಮ ಬಡಾವಣೆಯೇ ಸಾಕ್ಷಿ. ಭಾಜಕ ಹಳೆಯದಾದಾಗ ದರ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಜೊತೆಗೆ ಒಟ್ಟು ಅಂಕಿಯಲ್ಲಿ ಸೈಬರ್ ವಂಚನೆಯ ಪ್ರಕರಣಗಳೂ ಸೇರಿರುತ್ತವೆ, ಅದರಲ್ಲಿ ಬೆಂಗಳೂರು ಮಹಾನಗರಗಳ ಪೈಕಿ ಮುಂದಿದೆ. ಒಟಿಪಿ ಕೊಟ್ಟು ಹಣ ಕಳೆದುಕೊಂಡದ್ದಕ್ಕೂ ನಿಮ್ಮ ಹಿಂಬಾಗಿಲ ಚಿಲಕಕ್ಕೂ ಸಂಬಂಧವಿಲ್ಲ.

ಎಫ್‌ಐಆರ್ ಓದುವುದು

ಇದಕ್ಕೆ ಒಂದು ಭಾನುವಾರ ಎತ್ತಿಡಿ, ಸಮಯ ಹಿಡಿಯುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕು ಎಂದು ಆದೇಶಿಸಿತು. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಕರ್ನಾಟಕ ಪೊಲೀಸ್ ಜಾಲತಾಣದಲ್ಲಿ ನಿಮ್ಮ ಜಿಲ್ಲೆ, ಠಾಣೆ, ವರ್ಷ, ಎಫ್‌ಐಆರ್ ಸಂಖ್ಯೆ ಕೊಟ್ಟು ಹುಡುಕಿ. ಸಂಖ್ಯೆ ವರ್ಷಕ್ಕೆ ಒಂದರಿಂದ ಶುರುವಾಗುತ್ತದೆ, ಹಾಗಾಗಿ ಸಾಲಾಗಿ ನೋಡುತ್ತಾ ಹೋಗಬಹುದು.

ಕಲಂ ನೋಡಿದರೆ ಬಗೆ ತಿಳಿಯುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 303 ಕಳವು, 304 ಸರಗಳ್ಳತನದಂಥ ಕಿತ್ತೊಯ್ಯುವಿಕೆ, 305 ವಾಸದ ಮನೆಯೊಳಗಿನ ಕಳವು, 331 ಕನ್ನ ಹಾಕಿ ನುಗ್ಗುವುದು. ಕನ್ನ ಹಾಕಿ ಕದಿಯುವುದು ಠಾಣೆಯವರ ಮಾತಿನಲ್ಲಿ 'ಎಚ್‌ಬಿಟಿ' (ಹೌಸ್ ಬ್ರೇಕಿಂಗ್ ಅಂಡ್ ಥೆಫ್ಟ್): ಹಗಲು ಕನ್ನಕಳವು, ರಾತ್ರಿ ಕನ್ನಕಳವು ಎಂದು ಬೇರೆ ಬೇರೆ.

ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಎಳೆದು ಬಗೆ, ಸ್ಥಳ, ವೇಳೆ, ಒಳಗೆ ಬಂದ ದಾರಿ ಬರೆದುಕೊಳ್ಳಿ. ಕಳವಿನ ವೇಳೆ ಸಾಮಾನ್ಯವಾಗಿ ಒಂದು ಅವಧಿಯಾಗಿರುತ್ತದೆ: ಶುಕ್ರವಾರ ಸಂಜೆ ಬೀಗ ಹಾಕಿ ಹೋದವರು ಸೋಮವಾರ ಬೆಳಿಗ್ಗೆ ಬಂದು ನೋಡಿದರು ಎಂಬಂತೆ. ಠಾಣೆಯಿಂದ ದಿಕ್ಕು, ದೂರ, ಬೀಟ್ (ಗಸ್ತಿನ ಪ್ರದೇಶ) ಸಂಖ್ಯೆ ಬರೆಯುವ ಜಾಗವೂ ಎಫ್‌ಐಆರ್‌ನಲ್ಲಿದೆ. ನಾನು ಹೀಗೆ ಬರೆದಾಗ ನಮ್ಮ ಬಡಾವಣೆಯ ಸುತ್ತಮುತ್ತ ಕಂಡದ್ದು ಹೆಚ್ಚಾಗಿ ಬೈಕ್ ಕಳವು ಮತ್ತು ಬೀಗ ಹಾಕಿದ ಮನೆಗಳು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೈದದ್ದು ಮಾತ್ರ ಕಟ್ಟಡ ಕೆಲಸದ ಶೆಡ್‌ನಲ್ಲಿರುವ ಕೂಲಿಗಳನ್ನು. ಆ ಹಾಳೆಯಲ್ಲಿ ಅವರ ಮೇಲೆ ಬೊಟ್ಟು ಮಾಡುವಂಥದ್ದು ಒಂದೂ ಇರಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು.

ಎಫ್‌ಐಆರ್‌ನಲ್ಲಿ ಸಿಗದದ್ದು

ರಾತ್ರಿ ಎಂಟಕ್ಕೆ ಬಸ್ ಇಳಿದು ಮನೆವರೆಗೆ ನಡೆಯುವ ಹೆಣ್ಣುಮಗಳ ಅಂಜಿಕೆ ಯಾವ ದಾಖಲೆಯಲ್ಲೂ ಇರುವುದಿಲ್ಲ. ಹಿಂಬಾಲಿಸಿದವನ ಬಗ್ಗೆ ದೂರು ಕೊಡದೇ ಮನೆಯಲ್ಲೇ ನುಂಗಿಕೊಂಡವರು ಎಷ್ಟೋ ಮಂದಿ. ಆದ್ದರಿಂದ ಮನೆಯ ಹೆಂಗಸರ ಜೊತೆ ಆ ಹೊತ್ತಿಗೇ ಆ ದಾರಿಯಲ್ಲೇ ನಡೆಯಿರಿ, ಎಲ್ಲಿ ಹೆಜ್ಜೆ ಚುರುಕಾಗುತ್ತದೆ ಎಂದು ಅವರನ್ನೇ ಕೇಳಿ. ನಮ್ಮಲ್ಲಿ ಅದು ಎರಡು ಖಾಲಿ ಸೈಟುಗಳ ನಡುವಿನ ತಿರುವು: ಆಳೆತ್ತರದ ಪಾರ್ಥೇನಿಯಂ, ಕೆಟ್ಟ ದೀಪ, ನಿಲ್ಲಿಸಿ ಬಿಟ್ಟುಹೋದ ಲಾರಿ. ಕಂಬದ ಸಂಖ್ಯೆ ಬರೆದುಕೊಂಡು ಪಾಲಿಕೆ ವ್ಯಾಪ್ತಿಯಾದರೆ 1533ಕ್ಕೆ, ಪಂಚಾಯಿತಿಯಾದರೆ ಅಲ್ಲಿನ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ದೂರು ಕೊಡಿ. 'ನಮ್ಮ ಬೀದಿ ಕತ್ತಲು' ಅಂದರೆ ಯಾರೂ ಬರುವುದಿಲ್ಲ, ಕಂಬದ ಸಂಖ್ಯೆ ಕೊಟ್ಟರೆ ಬರುತ್ತಾರೆ. ನಾವು ಮೂರು ಸಲ ಬೆನ್ನು ಹತ್ತಿದ ಮೇಲೆ ದೀಪ ಹತ್ತಿತು.

ಬೀಟ್‌ನವರ ಪರಿಚಯ

ಪ್ರತಿ ಬೀಟ್‌ಗೂ ಒಬ್ಬ ಸಿಬ್ಬಂದಿ ಇರುತ್ತಾರೆ. ಅವರ ಹೆಸರು, ಫೋನ್ ಸಂಖ್ಯೆ ಠಾಣೆಯಲ್ಲಿ ಕೇಳಿ ಪಡೆಯಿರಿ, ನಿಮ್ಮ ಹಾಳೆಯನ್ನು ಅವರಿಗೆ ತೋರಿಸಿ. ಊರಿಗೆ ಹೋಗುವಾಗ ಮನೆ ಸಂಖ್ಯೆ, ಹೋಗುವ ಬರುವ ದಿನಾಂಕ ತಿಳಿಸಿ. ಆದರೆ ಗಸ್ತಿನವರು ಬರುವುದು ರಾತ್ರಿ ಒಂದೆರಡು ಸಲ. ಕಳ್ಳ ಹಗಲಲ್ಲೇ ನೋಡಿಕೊಂಡು ಹೋಗುತ್ತಾನೆ: ಗೇಟಿನೊಳಗೆ ಬಿದ್ದ ಮೂರು ದಿನದ ಪೇಪರು, ರಂಗೋಲಿ ಇಲ್ಲದ ಹೊಸ್ತಿಲು, ಹಗಲಲ್ಲೂ ಉರಿಯುವ ವರಾಂಡದ ದೀಪ. ಪೇಪರು, ಹಾಲು ನಿಲ್ಲಿಸಿ, ಪಕ್ಕದ ಮನೆಯವರಿಗೆ ಬೆಳಿಗ್ಗೆ ಒಂದು ಎಳೆ ರಂಗೋಲಿ ಹಾಕಲು ಹೇಳಿ. ಹೊರಗಿನ ಬೀಗಕ್ಕಿಂತ ಬಾಗಿಲೊಳಗೇ ಕೂರುವ ಲಾಕ್ ಒಳ್ಳೆಯದು. ಜೋತುಬಿದ್ದ ಬೀಗ ರಸ್ತೆಗೇ ಕಾಣುತ್ತದೆ.

ಸಿಸಿಟಿವಿ ಹಾಕಿಸುವುದಾದರೆ ಒಂದು ಕ್ಯಾಮೆರಾವಾದರೂ ಮುಖದ ಎತ್ತರಕ್ಕೆ ಇರಲಿ. ಮಹಡಿಯಿಂದ ತೆಗೆದದ್ದರಲ್ಲಿ ಟೋಪಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದರ ಗಡಿಯಾರ ಸರಿಯಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ದೃಶ್ಯ ದಾಖಲಿಸುವ ಪೆಟ್ಟಿಗೆ (ಡಿವಿಆರ್) ಟಿವಿ ಪಕ್ಕ ಬೇಡ, ಕಳ್ಳರು ಅದನ್ನೂ ಹೊತ್ತೊಯ್ಯುತ್ತಾರೆ.

ಕಳವಾಗಿಯೇ ಹೋದರೆ

ಒಳಗೆ ಹೋಗಬೇಡಿ, ಬೀರು ಮುಟ್ಟಬೇಡಿ, 112ಕ್ಕೆ ಕರೆ ಮಾಡಿ. ಬೆರಳಚ್ಚು ತೆಗೆಯುವವರು ಬರುವವರೆಗೆ ಪಕ್ಕದ ಮನೆಯಲ್ಲಿ ಕೂತಿರಿ. 'ಇದು ನಮ್ಮ ವ್ಯಾಪ್ತಿಯಲ್ಲ' ಎಂದು ವಾಪಸ್ ಕಳಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಬರೆಯಿರಿ, ಆಮೇಲೆ ಮ್ಯಾಜಿಸ್ಟ್ರೇಟ್ ಇದ್ದಾರೆ. ಬರೀ ಹಿಂಬರಹ (ದೂರಿಗೆ ಪೊಲೀಸರ ಲಿಖಿತ ಉತ್ತರ) ಕೊಟ್ಟರೆ ಅದು ಎಫ್‌ಐಆರ್ ಅಲ್ಲ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ನಿಮಗೆ ತಿಳಿಸಬೇಕು.

ಒಡವೆಗಳ ಫೋಟೊ, ತೂಕ, ಬಿಲ್ಲು ಇವತ್ತೇ ಒಂದು ಕಡೆ ಇಡಿ. ವಶಪಡಿಸಿಕೊಂಡ ರಾಶಿಯಲ್ಲಿ ನಿಮ್ಮದು ಯಾವುದೆಂದು ನೀವೇ ತೋರಿಸಬೇಕು. ಹಿಂಬಾಗಿಲು ಮೀಟಿದ್ದ ಮನೆಯವರ ಬಳಿ ಬಿಲ್ಲು ಇರಲಿಲ್ಲ. ಅವರು ಬಳೆ ಗುರುತು ಹಿಡಿದದ್ದು ಮಗಳ ಸೀಮಂತದ ಒಂದು ಫೋಟೊದಿಂದ.